ಹೇಜು ಬಂದ ದಿನದ ಬಿಸಿ

ತೇಬೆಕ್ ಬೆಟ್ಟದೂರಿನ ಅಜ್ಜಿಯರು ಹಗಲು ಕಳೆಯುವ ಹಿರಿಯರ ಮನೆಗೆ ಹೇಜು ಮೂರನೆಯ ಸಲ ಬಂದಿದ್ದಳು, ಕೆಟ್ಟ ಸುದ್ದಿ ಹೊತ್ತು. ಯಾವ ಕಟ್ಟಡ ಎಷ್ಟು ಇಂಧನ ತಿನ್ನುತ್ತದೆ, ಎಷ್ಟು ಪೋಲು ಮಾಡುತ್ತದೆ ಎಂದು ಅಳೆಯುವುದು ಅವಳ ಕೆಲಸ. ತೀರಾ ಪೋಲು ಮಾಡುವ ಕಟ್ಟಡಕ್ಕೆ ಸರ್ಕಾರದಿಂದ ಹೊಸ ಕಿಟಕಿ ಸಿಗುತ್ತದೆ. ಅಂಥ ಕಟ್ಟಡಗಳ ಪಟ್ಟಿ ಇವತ್ತು ಸಂಜೆಗೆ ಮುಗಿಯುತ್ತಿತ್ತು. ಈ ಮನೆಯೋ, ಬಂದಾಗಲೆಲ್ಲ ಬೆಚ್ಚಗೆ. ಕಾಯಿಸಲು ಸುಟ್ಟ ಎಣ್ಣೆ ಮಾತ್ರ ಬೇರೆಡೆಯ ಅರ್ಧಕ್ಕಿಂತ ಕಡಿಮೆ. ಲೆಕ್ಕದ ಪ್ರಕಾರ ಊರಿಗೇ ಮಾದರಿ ಕಟ್ಟಡ. ಮಾದರಿಗೆ ರಿಪೇರಿ ಯಾಕೆ?

ಕಿಟಕಿ ಸಂದಿಗೆಲ್ಲ ಹಳೇ ಪತ್ರಿಕೆ ತುರುಕಿದ್ದ ಈ ಮಾದರಿಯ ಮೇಲೆ ಹೇಜುಗೆ ಮೊದಲಿನಿಂದಲೂ ಅನುಮಾನ. ಆದರೆ ಅನುಮಾನಕ್ಕೆ ಅಂಕ ಕೊಡುವ ಕಾಲಂ ಇರಲಿಲ್ಲ.

"ಬಾ ಮಗಳೇ, ಇಲ್ಲಿ ಕೂತ್ಕೋ, ನೆಲ ಚೆನ್ನಾಗಿ ಕಾದಿದೆ," ಎಂದು ಅಧ್ಯಕ್ಷೆ ಮಲ್ಸುನ್ ಅಜ್ಜಿ, ನೆಲದಡಿ ಬಿಸಿನೀರು ಹರಿಸಿ ಕೋಣೆ ಕಾಯಿಸುವ ಬಾಯ್ಲರ್ ಪಕ್ಕದ ಜಾಗ ತಟ್ಟಿದಳು. ಬೊಕ್ಸಿಮ್ ಅಜ್ಜಿ ಬೇಯಿಸಿದ ಆಲೂಗಡ್ಡೆ ತಂದಿಟ್ಟಳು.

ಮೊದಲ ಸಲ ಬಂದಾಗ ಗೋಡೆಗೆ ಅಂಟಿಸಿದ್ದ ಪುಟ್ಟ ಡಬ್ಬಿಯನ್ನು ಹೇಜು ಕಿತ್ತು ಲ್ಯಾಪ್‌ಟಾಪಿಗೆ ಜೋಡಿಸಿದಳು. ಹತ್ತು ನಿಮಿಷಕ್ಕೊಮ್ಮೆ ಕೋಣೆಯ ಬಿಸಿ ಬರೆದಿಡುವ ಡಬ್ಬಿ ಅದು. ಎರಡು ವಾರದ ಗೆರೆ ಒಂಬತ್ತು ಡಿಗ್ರಿಯಲ್ಲಿ ಅಂಗಾತ ಮಲಗಿತ್ತು. ನಡುವೆ ಮೂರೇ ಮೂರು ಗುಡ್ಡ: ಅಂಟಿಸಿದ ದಿನ, ಕಳೆದ ಮಂಗಳವಾರ, ಇವತ್ತು. ಮೂರೂ ಅವಳು ಫೋನ್ ಮಾಡಿ ಬಂದ ದಿನಗಳು.

ಅವಳಿಗೆ ಸಿಟ್ಟು ಬಂತು. "ಅಜ್ಜಿ, ನಾನಿಲ್ಲದಾಗ ಬಾಯ್ಲರ್ ಹಾಕೋದೇ ಇಲ್ವಾ?"

"ಹಾಕಿದ್ರೂ ನಿಲ್ಲುತ್ತಾ? ಎಲ್ಲಾ ಕಿಟಕಿಯಿಂದ ಆಚೆ. ಬೆಟ್ಟ ಕಾಯಿಸೋಕೆ ಎಣ್ಣೆ ಸುರೀಬೇಕಾ?" ಮಲ್ಸುನ್ ಮುಖ ತಿರುಗಿಸಿದಳು. "ನಾವು ಕೋಟು ಹಾಕ್ಕೊಂಡು ಒಂದೇ ಹೊದಿಕೆಯಡಿ ಕೂತ್ಕೋತೀವಿ. ಮನೆಗೆ ಬಂದವರನ್ನ ತಣ್ಣನೆ ನೆಲದ ಮೇಲೆ ಕೂರಿಸೋಕಾಗುತ್ತಾ? ಅದನ್ನೆಲ್ಲ ಬರೀಬೇಡ, ಮರ್ಯಾದೆ ಹೋಗುತ್ತೆ."

"ಮರ್ಯಾದೆ ಹೊದ್ಕೊಂಡ್ರೆ ಮಂಡಿನೋವು ಹೋಗುತ್ತೇನೇ?" ಬೊಕ್ಸಿಮ್ ಸಿಡುಕಿದಳು. "ನಿನ್ನ ಜಂಬಕ್ಕೆ ಮೂರು ಚಳಿಗಾಲ ನಡುಗಿದ್ದು ಸಾಕು. ನೀನು ಬರ್ಕೊಳ್ಳೇ ಮಗಳೇ!"

ಮಲ್ಸುನ್ ಎದ್ದು ತಾನೇ ಬಾಯ್ಲರ್ ಆರಿಸಿದಳು. "ಬರೀ ಬರೆದ್ರೆ ಯಾರು ನಂಬ್ತಾರೆ? ಎಷ್ಟು ಬೇಗ ತಣ್ಣಗಾಗುತ್ತೆ ಅಂತ ಅಳೆದ್ಕೋ."

ಡಬ್ಬಿಯನ್ನು ನಡುವೆ ಇಟ್ಟುಕೊಂಡು ಮೂವರೂ ಕಾದರು. ಇಪ್ಪತ್ತೆರಡು ಡಿಗ್ರಿ. ಹತ್ತೊಂಬತ್ತು. ಕೋಟು ಬಂತು, ಹೊದಿಕೆ ಬಂತು, ಹೇಜು ಕೂಡ ಅದರೊಳಗೆ ತೂರಿಕೊಂಡಳು. ಹದಿನಾರಕ್ಕೆ ಬೊಕ್ಸಿಮ್ ಚಪ್ಪಾಳೆ ತಟ್ಟಿದಳು. "ಇಳಿ, ಇಳಿ, ಇನ್ನೂ ಇಳಿ!" ಎಂದು ಮಲ್ಸುನ್ ಕೂಡ ಹುರಿದುಂಬಿಸತೊಡಗಿದಳು. ಎರಡು ಗಂಟೆಯಲ್ಲಿ ಹದಿಮೂರು. ಇಷ್ಟು ಸೋರುವ ಕಟ್ಟಡವನ್ನು ಹೇಜು ಕಂಡೇ ಇರಲಿಲ್ಲ. ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಸಂಜೆಗೆ ಮುಂಚೆಯೇ ವರದಿ ಹೋಯಿತು.

ಮರುವರ್ಷದ ಜನವರಿಯಲ್ಲಿ ಅವಳು ಹೇಳದೆ ಕೇಳದೆ ಬಂದಳು. ಹೊಸ ಕಿಟಕಿಯಾಚೆ ಹಿಮ ಬೀಳುತ್ತಿತ್ತು. ಬೆಳಿಗ್ಗೆ ಒಂದಿಷ್ಟು ಉರಿದ ಬಾಯ್ಲರ್ ಆರಿ ಎಷ್ಟೋ ಹೊತ್ತಾಗಿತ್ತು. ಅಜ್ಜಿಯರು ಕೋಟಿಲ್ಲದೆ, ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು, ಇಸ್ಪೀಟಿನ ಎಲೆ ಹರಡಿ ಜಗಳಾಡುತ್ತಿದ್ದರು.

"ಫೋನ್ ಮಾಡಿ ಬರಬಾರ್ದಾ?" ಮಲ್ಸುನ್ ಗದರಿದಳು.

ಹೇಜು ಅಭ್ಯಾಸದಂತೆ ಬಾಯ್ಲರ್ ಪಕ್ಕದ ಜಾಗಕ್ಕೆ ಹೋದಳು.

"ಅಲ್ಯಾಕೆ ಮುದುರ್ಕೋತೀಯ? ಎಲ್ಲಿ ಬೇಕಾದ್ರೂ ಕೂತ್ಕೋ."

ಹೇಜು ಕಿಟಕಿಯ ಬುಡದಲ್ಲೇ ಕೂತಳು. ನೆಲ ಬೆಚ್ಚಗಿತ್ತು.