ಖಾಲಿ ಮಿಷನ್ನಿನ ಸದ್ದು

ಊರೂರಲ್ಲಿ ಗಲಾಟೆ ಶುರುವಾಗಿ ಇಪ್ಪತ್ತಮೂರು ದಿನವಾಯಿತು. ನನ್ನ ಜೊತೆ ಮದುವೆ ನಿಶ್ಚಯವಾದವರು ಇನ್ನೊಂದು ಊರಿನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿದ್ದಾರೆ. ಮಧ್ಯಾಹ್ನ ಒಂದು ಗಂಟೆ ಮಾತ್ರ ನೆಟ್‌ವರ್ಕ್ ಬಿಡುತ್ತಾರೆ. ಆಗ ಒಬ್ಬರಿಗೊಬ್ಬರು ಒಂದೊಂದು ವಾಯ್ಸ್ ಮೆಸೇಜ್ ಕಳಿಸಿಕೊಳ್ಳುತ್ತೇವೆ.

ನಾನು ಟೈಲರ್. ಎರಡು ವಾರದಿಂದ ಅಂಗಡಿಯತ್ತ ಒಂದು ನರಪಿಳ್ಳೆಯೂ ಸುಳಿದಿಲ್ಲ. ಅದನ್ನು ಹೇಳಿ ಅವರ ತಲೆ ಕೆಡಿಸುವುದೇಕೆ? ದಾರ ತೆಗೆದು, ಬಟ್ಟೆಯಿಲ್ಲದ ಮಿಷನ್ ತುಳಿಯುತ್ತಾ ರೆಕಾರ್ಡ್ ಮಾಡುತ್ತೇನೆ: “ಕೇಳಿಸ್ತಾ? ತಲೆ ಕೆರ್ಕೊಳ್ಳೋಕೂ ಪುರುಸೊತ್ತಿಲ್ಲ ನನಗೆ.”

“ಗಾಳಿಗೆ ಅಂಗಿ ಹೊಲೀತಿದೀಯೇನೇ?” ಎಂದು ಅಮ್ಮ ಹಂಗಿಸುತ್ತಾಳೆ.

ಇವತ್ತು ಅವರ ಮೆಸೇಜ್ ಬಂತು. “ಪ್ರೆಸ್ಸಲ್ಲಿದೀನಿ ಕಣೇ, ಕೈತುಂಬ ಕೆಲಸ. ಊಟ ಆಯ್ತಾ?” ಹಿಂದೆ ಯಂತ್ರದ ಗಡಗಡ. ನಡುವೆ ಅವರ ಮಾಲೀಕರು ಎರಡು ಸಲ ಕೆಮ್ಮಿ, “ಕಾಗದ ತನ್ನಿ” ಎಂದರು. ಪಾಪ, ಮುದುಕರಿಗೆ ಕೆಮ್ಮು ಹೆಚ್ಚಾಯಿತೇನೋ ಎಂದು ನಿನ್ನೆಯ ಮೆಸೇಜ್ ಹಾಕಿ ಕೇಳಿದೆ. ಅವೇ ಎರಡು ಕೆಮ್ಮು, ಅದೇ “ಕಾಗದ ತನ್ನಿ”. ಮೊನ್ನೆಯದರಲ್ಲೂ ಅದೇ. ಅಂದರೆ ಪ್ರೆಸ್ಸಿನ ಸದ್ದಿನ ಹಳೆಯ ರೆಕಾರ್ಡಿಂಗನ್ನು ಪಕ್ಕದಲ್ಲಿ ಹಾಕಿಕೊಂಡು, ನನ್ನವರು ಕೋಣೆಯಲ್ಲಿ ಒಬ್ಬರೇ ಕೂತು ಮಾತಾಡುತ್ತಿದ್ದರು.

ಎಂಥ ಸುಳ್ಳುಗಾರ! ಚೆನ್ನಾಗಿ ಬೈಯೋಣವೆಂದು ಫೋನ್ ಎತ್ತಿದೆ. ನೆಟ್‌ವರ್ಕ್ ಹೋಗಲು ನಾಲ್ಕು ನಿಮಿಷವಿತ್ತು.

“ಊಟ ಆಯ್ತು,” ಎಂದೆ. “ಮಾಲೀಕರಿಗೆ ಕೆಮ್ಮಿನ ಔಷಧಿ ತಗೊಳ್ಳೋಕೆ ಹೇಳ್ರೀ. ದಿನಾ ಕೇಳ್ತಿದೀನಿ.”

ಕಾಲು ಮಾತ್ರ ಮಿಷನ್ ತುಳಿಯುತ್ತಲೇ ಇತ್ತು.