ಸೂಜಿ ಮುಟ್ಟದ ದೊಡ್ಡಕ್ಕ

ರಕ್ತದ ಕ್ಯಾನ್ಸರ್ ವಾರ್ಡಿನಲ್ಲಿ ನನ್ನ ಕೈ ಎಷ್ಟು ಹಗುರವೆಂದರೆ, ಸೊಳ್ಳೆಗಳೂ ನನ್ನ ಬಳಿ ಪಾಠಕ್ಕೆ ಬರುತ್ತಿದ್ದವು. ಸೂಜಿ ಹಾಕಿ ಮುಗಿಸಿದ ಮೇಲೂ “ಯಾವಾಗ ಚುಚ್ತೀರಿ?” ಎಂದು ಕೇಳಿದವರು ಲಕ್ಷ ಜನ. ಅದಕ್ಕೇ ನನ್ನನ್ನು ಮುಖ್ಯ ನರ್ಸ್ ಮಾಡಿದರು, ಇಡೀ ವಾರ್ಡಿಗೆ ದೊಡ್ಡಕ್ಕನಾದೆ. ಆಮೇಲೆ ಬರೀ ತರಗತಿ, ಸಂಶೋಧನೆ, ಸಭೆ. ನನ್ನ ಭಾಷಣ ಕೇಳಿ ಕೇಳಿ ಸಭಾಂಗಣದ ಕುರ್ಚಿಗಳೂ ನರ್ಸಿಂಗ್ ಕಲಿತವು.

ಮೊನ್ನೆ ದರ್ಜಿ ತಾತ ಮತ್ತೆ ದಾಖಲಾದರು. ಮೊದಲ ಸಲ ಅವರಿಗೆ ಕೀಮೋ ಕೊಟ್ಟವಳು ನಾನೇ. ಈಗ ಕಾಯಿಲೆ ಮರುಕಳಿಸಿತ್ತು, ತಾತ ಹೆದರಿದ್ದರು.

“ನೀನೇ ಹಾಕಮ್ಮ ದೊಡ್ಡಕ್ಕ. ಬೇರೆಯವರಿಗೆ ತೋಳು ಕೊಡಲ್ಲ ನಾನು.”

ಗತ್ತಿನಿಂದ ಗವಸು ತೊಟ್ಟೆ. ಪಾಳಿಯ ನರ್ಸ್, ನನ್ನದೇ ಶಿಷ್ಯೆ, ಔಷಧಿಯ ಟ್ರೇಯನ್ನು ತನ್ನತ್ತ ಎಳೆದುಕೊಂಡಳು.

“ಬೇಡ ಅಕ್ಕ. ಆರು ತಿಂಗಳು ಕೀಮೋ ಕೊಡದವರು ಮತ್ತೆ ಪರೀಕ್ಷೆ ಪಾಸಾಗದೆ ಮುಟ್ಟಬಾರದು ಅಂತ ನೀವೇ ನಿಯಮ ಮಾಡಿದ್ದು. ನೀವು ಕೊಟ್ಟು ವರ್ಷಗಳೇ ಆಯ್ತು.”

“ಅದು ನಿಮ್ಮಂಥ ಪಿಳ್ಳೆಗಳಿಗೆ ಕಣೇ.”

“ದೊಡ್ಡಕ್ಕಂಗೊಂದು, ಪಿಳ್ಳೆಗೊಂದು ನಿಯಮ ಇಲ್ಲ ಅಂದೋರೂ ನೀವೇ.”

ಆ ಔಷಧಿ ರಕ್ತನಾಳದಿಂದ ಹೊರಗೆ ಸೋರಿದರೆ ಮಾಂಸವನ್ನೇ ಸುಡುತ್ತದೆ. ನಿಯಮ ಮಾಡಿದ್ದೇ ಅದಕ್ಕೆ. ಗವಸು ಕಳಚಿದೆ.

“ಇವಳ ಕೈ ಈಗ ನನಗಿಂತ ಚೆನ್ನಾಗಿದೆ ತಾತ,” ಎಂದೆ. ಒಗ್ಗರಣೆ ಹಾಕದೆ ನಾನಾಡಿದ ಮಾತು ಅದೊಂದೇ.

“ಹಾಗಾದ್ರೆ ನಿನ್ನ ಕೈಗೇನಮ್ಮ ಕೆಲಸ?”

ಕಳಚಿದ ಗವಸನ್ನು ಕಸದ ಬುಟ್ಟಿಗೆ ಹಾಕಿದೆ. ತಾತ ನಿಟ್ಟುಸಿರಿಟ್ಟು ತೋಳನ್ನು ಅವಳತ್ತ ಚಾಚಿದರು. ರೋಗಿಯನ್ನು ನೋಡಲು ಬರುವವರಿಗೆಂದು ಇಟ್ಟ ಸ್ಟೂಲಿನ ಮೇಲೆ ನಾನು ಕುಳಿತೆ.