ಟೈಲರಮ್ಮ ಡಾಕ್ಟರನ್ನು ಕೇಳಿದ ಪ್ರಶ್ನೆ

ಚಿನ್ನಿಗೆ ಏಳು ವರ್ಷ. ಮಾತು ಅಪರೂಪ. ಕುಕ್ಕರ್ ಕೂಗಿದರೆ ಸಾಕು, ಕಿವಿ ಮುಚ್ಚಿಕೊಂಡು ಮಂಚದಡಿ ಸೇರುತ್ತಾಳೆ. ಇದು ಆಟಿಸಂ ಎಂದು ಡಾಕ್ಟರು ಎರಡು ವರ್ಷದ ಹಿಂದೆಯೇ ಹೇಳಿದ್ದರು. ಆದರೆ ಅಜ್ಜಿಯ ಬಾಯಿಗೆ ಬೀಗ ಹಾಕುವವರು ಯಾರು? "ಹಗಲೆಲ್ಲಾ ಹೊಲಿಗೆ ಮೆಷಿನ್ ಮುಂದೆ ಕೂತೆ. ನೀನು ಮಾತಾಡ್ಸಿದ್ರೆ ತಾನೇ ಮಗು ಮಾತು ಕಲಿಯೋದು?" ಎಂದು ಸೊಸೆ ಟೈಲರಮ್ಮನನ್ನು ಚುಚ್ಚುತ್ತಿದ್ದಳು. ಪಾಪ, ಒಳಗೊಳಗೇ ಅವಳೂ ಅದನ್ನೇ ನಂಬಿಬಿಟ್ಟಿದ್ದಳು.

ಒಂದು ದಿನ ಪಕ್ಕದ ಮನೆಯ ನರ್ಸಕ್ಕ ಬಂದಳು. "ನಮ್ಮ ಆಸ್ಪತ್ರೇಲಿ ಆಟಿಸಂ ಬಗ್ಗೆ ಅಧ್ಯಯನ ಮಾಡ್ತಿದ್ದಾರೆ. ಚಿನ್ನೀನ ಕರ್ಕೊಂಡು ಬರ್ತೀಯಾ?"

"ಅಯ್ಯೋ, ತಲೆಗೆ ಕರೆಂಟ್ ಕೊಡ್ತಾರಂತೆ!" ಟೈಲರಮ್ಮ ಹೆದರಿದಳು.

"ಯಾರೇ ಹಂಗಂದಿದ್ದು? ಮೆದುಳಲ್ಲಿ ತಾನಾಗೇ ಓಡೋ ಸಣ್ಣ ಕರೆಂಟನ್ನ ಟೋಪಿ ಹಾಕಿ ಅಳೀತಾರೆ, ಅಷ್ಟೆ. ಅದು ಇಇಜಿ. ಇನ್ನೊಂದು ಎಂಆರ್‌ಐ, ಅದು ಮೆದುಳಿನ ಚಿತ್ರ ತೆಗೆಯುತ್ತೆ."

"ಎರಡು ಯಾಕೆ?"

"ಮೆದುಳಿನ ಭಾಗಗಳು ಒಂದಕ್ಕೊಂದು ಸುದ್ದಿ ಕಳಿಸ್ತಾವೆ. ಯಾವಾಗ ಕಳಿಸ್ತು ಅಂತ ಟೋಪಿ ಹೇಳುತ್ತೆ, ಎಲ್ಲಿಂದ ಎಲ್ಲಿಗೆ ದಾರಿ ಅಂತ ಚಿತ್ರ ಹೇಳುತ್ತೆ. ಎರಡನ್ನೂ ಜೋಡಿಸಿದ್ರೇನೇ ಲೆಕ್ಕ ಸರಿಹೋಗೋದು."

"ವಾಸಿ ಆಗ್ತಾಳಾ?"

"ಸುಳ್ಳು ಹೇಳಲ್ಲ. ಇದು ಚಿಕಿತ್ಸೆ ಅಲ್ಲ, ತಿಳ್ಕೊಳ್ಳೋದಕ್ಕೆ. ಬೇಡ ಅನ್ನಿಸಿದ್ರೆ ಅರ್ಧಕ್ಕೇ ಎದ್ದು ಬರಬಹುದು."

ಟೈಲರಮ್ಮ ಒಪ್ಪಿದಳು. ಆದರೆ ಎಂಆರ್‌ಐಗೆ ಗುಹೆಯಂಥ ಯಂತ್ರದೊಳಗೆ ಅಲುಗಾಡದೆ ಮಲಗಬೇಕು, ಸದ್ದೂ ಜೋರು. ನರ್ಸಕ್ಕ ಅಭ್ಯಾಸಕ್ಕೆಂದು ಆ ಸದ್ದನ್ನು ಮೊಬೈಲಿನಲ್ಲಿ ತಂದುಕೊಟ್ಟಳು. ಟೈಲರಮ್ಮ ಬಟ್ಟೆ ಕತ್ತರಿಸುವ ಮೇಜಿಗೆ ಹೊದಿಕೆ ಇಳಿಬಿಟ್ಟು ಗುಹೆ ಮಾಡಿದಳು. ಮೊದಲ ದಿನ ಚಿನ್ನಿ ಕಿರುಚಿ ಓಡಿದಳು. ಹನ್ನೆರಡನೇ ದಿನ ಸದ್ದಿನ ನಡುವೆಯೂ ಅಲುಗಾಡದೆ ಮಲಗಿದಳು.

ಆಸ್ಪತ್ರೆಗೆ ಹೊರಟಾಗ ಟೈಲರಮ್ಮ ಮಗಳ ಕ್ಲಿಪ್ಪು, ಬಕಲು ಎಲ್ಲ ತೆಗೆದಿದ್ದಳು. ತನ್ನ ಕಾಲರಿಗೆ ಸಿಕ್ಕಿಸಿಕೊಂಡ ಗುಂಡುಸೂಜಿಗಳನ್ನೇ ಮರೆತಿದ್ದಳು! ಬಾಗಿಲಲ್ಲೇ ತಡೆದ ಟೆಕ್ನಿಷಿಯನ್ ಒಂಬತ್ತು ಸೂಜಿ ತೆಗೆಸಿದ. "ಒಳಗಿರೋದು ದೊಡ್ಡ ಅಯಸ್ಕಾಂತ ಕಣಮ್ಮ. ಇವು ಹಾರಿ ಮಗೂಗೆ ಚುಚ್ಚಿದ್ರೆ?" ಟೈಲರಮ್ಮ ನಾಲಿಗೆ ಕಚ್ಚಿಕೊಂಡಳು.

ಎರಡೂ ಪರೀಕ್ಷೆ ಮುಗಿದ ಮೇಲೆ ಅಧ್ಯಯನ ನಡೆಸುವ ಡಾಕ್ಟರು ಬಂದರು. ಎರಡು ವರ್ಷದಿಂದ ಕೊರೆಯುತ್ತಿದ್ದ ಪ್ರಶ್ನೆಯನ್ನು ಟೈಲರಮ್ಮ ಆಗ ಕೇಳಿಯೇಬಿಟ್ಟಳು. "ಡಾಕ್ಟ್ರೇ, ನಾನು ಮಾತಾಡ್ಸದೇ ಇದ್ದಿದ್ದಕ್ಕೇ ಇವಳಿಗೆ ಹೀಗಾಯ್ತಾ?"

"ಖಂಡಿತ ಇಲ್ಲಮ್ಮ. ತಾಯಿ ಸಾಕಿದ ರೀತಿಯಿಂದ ಆಟಿಸಂ ಬರಲ್ಲ. ಮೆದುಳು ಬೆಳೆಯೋ ರೀತಿಯೇ ಬೇರೆ ಇರುತ್ತೆ. ಅದು ಹೇಗೆ ಅಂತ ತಿಳಿಯೋದಕ್ಕೆ ಇವಳು ಸಹಾಯ ಮಾಡಿದ್ಲು. ಥ್ಯಾಂಕ್ಸ್, ಚಿನ್ನಿ."

ಚಿನ್ನಿಗೆ ಯಾರಾದರೂ ಥ್ಯಾಂಕ್ಸ್ ಹೇಳಿದ್ದು ಅದೇ ಮೊದಲು. ಟೈಲರಮ್ಮ ಗಳಗಳನೆ ಅತ್ತಳು. "ನಿಮ್ಮ ಹೊಟ್ಟೆ ತಣ್ಣಗಿರಲಿ ಡಾಕ್ಟ್ರೇ" ಎಂದು ಕೈ ಹಿಡಿದುಕೊಂಡಳು.

ಮನೆಯಲ್ಲಿ ಎಲ್ಲವನ್ನೂ ಕೇಳಿದ ಅಜ್ಜಿ ಸೊಸೆಯ ಪಕ್ಕ ಬಂದು ಕೂತಳು. "ಬಾಯಿಗೆ ಬಂದಿದ್ದು ಅಂದ್ಬಿಟ್ಟೆ. ಮನಸ್ಸಲ್ಲಿ ಇಟ್ಕೋಬೇಡ ಮಗಳೇ" ಎಂದಳು.

ಅಕ್ಕಂದಿರೇ, ಅಣ್ಣಂದಿರೇ, ಇಂಥ ಅಧ್ಯಯನಕ್ಕೆ ಕರೆ ಬಂದರೆ ಹೆದರಿ ಬಾಗಿಲು ಹಾಕಬೇಡಿ. ಏನು, ಯಾಕೆ ಎಂದು ಕೇಳಿ; ಮನಸ್ಸು ಒಪ್ಪಿದರೆ ಹೋಗಿ. ಆಟಿಸಂ ಇರುವ ಮಗುವಿನ ತಾಯಿಯನ್ನು ದೂರುವ ಮಾತು ನಾಲಿಗೆ ತುದಿಗೆ ಬಂದರೆ, ದಯವಿಟ್ಟು ನುಂಗಿಕೊಳ್ಳಿ.